ಗ್ಯಾಸ್ ಪೈಪಿನಿಂದ ಆಸರೆ ಕೇಳಬೇಡಿ, ಅದಕ್ಕೆ ಆಸರೆ ಕೊಡಿ

(ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿ. ಪಾಲಕರ ಸಭೆಯಲ್ಲಿ ಭಾಷಾ ಶಿಕ್ಷಕಿಗೆ ಮಾತನಾಡಲು ಹೇಳಿದರೆ ಮಾತೃಭಾಷೆಯ ಬಗ್ಗೆಯೋ ಮಕ್ಕಳ ಓದಿನ ಬಗ್ಗೆಯೋ ಮಾತನಾಡುತ್ತಾಳೆಂದು ತಾವು ತಿಳಿದಿರಬಹುದು. ಆದರೆ ಇಂದು ನಾನು ಆರಿಸಿಕೊಂಡಿರುವ ವಿಷಯ ಅಡುಗೆ ಮನೆಯ ಗ್ಯಾಸ್ ಪೈಪು ಮತ್ತು ವಿದ್ಯುತ್ತಿನ ಅರ್ಥಿಂಗ್. ಇದು ವಿಜ್ಞಾನ ಶಿಕ್ಷಕರು ಹೇಳಬೇಕಾದ ಮಾತಲ್ಲವೇ ಎಂದು ಕೇಳಿದರೆ, ಹೌದು. ಆದರೂ ನಾನು ಹೇಳಲು ಒಂದು ಕಾರಣವಿದೆ. ಆ ಕಾರಣ ನನ್ನ ಮಗನ ಹಣೆಯ ಮೇಲೆ ಇನ್ನೂ ಇದೆ.

ನನ್ನ ತವರುಮನೆ ಬೆಟಗೇರಿಯಲ್ಲಿದೆ. ಕೆಲವು ವರ್ಷಗಳ ಹಿಂದೆ ಅಣ್ಣ ಮನೆಯನ್ನು ಸ್ವಲ್ಪ ದೊಡ್ಡದು ಮಾಡಿಸಿದ. ಅಡುಗೆ ಮನೆಯಲ್ಲಿ ಜಾಗ ಉಳಿಯಲೆಂದು ಎರಡೂ ಸಿಲಿಂಡರುಗಳನ್ನು ಹೊರಗೆ ಮೆಟ್ಟಿಲ ಕೆಳಗೆ ಇಟ್ಟು, ಅಲ್ಲಿಂದ ಗೋಡೆಯೊಳಗಿಂದ ಕಬ್ಬಿಣದ ಜಿ.ಐ. ಪೈಪು ಹಾಯಿಸಿ ಒಲೆಯವರೆಗೆ ತಂದರು. ಪೈಪಿನ ಆ ತುದಿಗೆ ಸಿಲಿಂಡರಿನ ರಬ್ಬರ್ ಟ್ಯೂಬು, ಈ ತುದಿಗೆ ಒಲೆಯ ರಬ್ಬರ್ ಟ್ಯೂಬು. ನೋಡಲು ಅಚ್ಚುಕಟ್ಟಾಗಿತ್ತು. ಬಂದವರೆಲ್ಲ ಹೊಗಳಿದರು.

ಆ ವರ್ಷ ರಮಜಾನಿನಲ್ಲಿ ಅಮ್ಮಿ ಒಂದು ಮಾತು ಹೇಳತೊಡಗಿದರು. ಸಹರಿ ಹೊತ್ತಿನಲ್ಲಿ ಒಲೆ ಹಚ್ಚುವಾಗ ಪೈಪಿಗೆ ಕೈ ತಗುಲಿದರೆ ಜುಮ್ ಎನ್ನುತ್ತದೆ ಎಂದು. ಹಗಲಿನಲ್ಲಿ ನಾವು ಮುಟ್ಟಿ ನೋಡಿದರೆ ಏನೂ ಇಲ್ಲ. ವಯಸ್ಸಾಯಿತು, ನರಗಳ ದೌರ್ಬಲ್ಯ ಎಂದರು ಭಾಭಿ. ನಿದ್ದೆಗಣ್ಣು ಎಂದ ಅಣ್ಣ. ನಾನು ಬಿ.ಇಡಿ. ಓದಿದವಳು, ಹತ್ತು ಮಕ್ಕಳಿಗೆ ಬುದ್ಧಿ ಹೇಳುವವಳು. ನಾನು ಹೇಳಿದ್ದೇನು? "ಅಮ್ಮಿ, ರಬ್ಬರ್ ಚಪ್ಪಲಿ ಹಾಕಿಕೊಂಡು ಅಡುಗೆ ಮಾಡಿರಿ." ಅವರು ಹಾಗೆಯೇ ಮಾಡಿದರು. ಜುಮ್ ಎನ್ನುವುದು ನಿಂತಿತು. ನಾವೂ ಮರೆತೆವು.

ಹಬ್ಬಕ್ಕೆ ನಾಲ್ಕು ದಿನ ಮೊದಲು ನಾನು ಮಗನನ್ನು ಕರೆದುಕೊಂಡು ತವರಿಗೆ ಹೋದೆ. ಬೆಳಗಿನ ಜಾವ ಅವನು ಕೈಕಾಲು ತೊಳೆದು ಒದ್ದೆ ಕಾಲಿನಲ್ಲಿಯೇ ಅಡುಗೆ ಮನೆಗೆ ಓಡಿ ಬಂದು, ಕಟ್ಟೆ ಏರಲು ಆ ಪೈಪನ್ನು ಹಿಡಿದ. ಒಂದು ಕೂಗು ಕೇಳಿಸಿತು. ಹಿಂದಕ್ಕೆ ಬಿದ್ದು ಹಣೆ ಒಡೆದುಕೊಂಡಿದ್ದ. ಬಿದ್ದದ್ದೇ ಒಳ್ಳೆಯದಾಯಿತು, ಕೈ ಪೈಪಿನಿಂದ ಬಿಟ್ಟಿತ್ತು. ಹಣೆಗೆ ಮೂರು ಹೊಲಿಗೆ ಬಿದ್ದವು. ಬೇರೇನೂ ಆಗಲಿಲ್ಲ, ಅಲ್ಲಾಹನ ದಯೆ. ಆದರೆ ಚಪ್ಪಲಿ ಹಾಕಿಕೊಳ್ಳಿ ಎಂದು ಹೇಳಿದ ನನ್ನ ಮಾತು ಇಂದಿಗೂ ನನಗೆ ಚುಚ್ಚುತ್ತದೆ. ರೋಗದ ಸೂಚನೆಯನ್ನು ನಾನು ಚಪ್ಪಲಿಯಿಂದ ಮುಚ್ಚಿದ್ದೆ.

ಅದೇ ದಿನ ಐ.ಟಿ.ಐ. ಓದಿದ ಒಬ್ಬ ವಾಯರ್‌ಮನ್‌ರನ್ನು ಕರೆಸಿದೆವು. ಅವರು ಯಾವುದನ್ನೂ ಮುಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿದರು. "ಯಾವ ಹೊತ್ತಿಗೆ ಜುಮ್ ಅಂತಿತ್ರೀ ಅಮ್ಮಾ?"

ಅಮ್ಮಿ ಯೋಚಿಸಿ ಹೇಳಿದರು. "ಗೀಜರ್ ಹಚ್ಚಿದಾಗ."

ಅಷ್ಟರಲ್ಲಿ ಅವರಿಗೆ ಅರ್ಧ ತಿಳಿದು ಹೋಯಿತು. ವಜೂಗೆ ಬಿಸಿನೀರು ಬೇಕೆಂದು ಬೆಳಗಿನ ಜಾವ ಮಾತ್ರ ಗೀಜರ್ ಹಚ್ಚುತ್ತಿದ್ದರು. ಅದರ ಒಳಗಿನ ಕಾಯಿಲು ಕೆಟ್ಟು ಕರೆಂಟು ಹೊರಮೈಗೆ ಸೋರುತ್ತಿತ್ತು. ಹೊರಮೈಯಿಂದ ಹಸಿರು ತಂತಿಗೆ ಬರುತ್ತಿತ್ತು. ಹಸಿರು ತಂತಿ ಎಲ್ಲಿಗೆ ಹೋಗಿತ್ತು? ಹಿಂದೆ ಅದನ್ನು ನಳದ ಕಬ್ಬಿಣದ ಪೈಪಿಗೆ ಸುತ್ತಿದ್ದರು. ಮನೆ ದೊಡ್ಡದು ಮಾಡುವಾಗ ನಳದ ಪೈಪು ತೆಗೆದು ಪ್ಲಾಸ್ಟಿಕ್ ಪೈಪು ಹಾಕಿದರು. ಕೆಲಸಕ್ಕೆ ಬಂದವರು ಇನ್ನೊಂದು ಕಬ್ಬಿಣದ ಪೈಪು ಹುಡುಕಿದರು. ಸಿಕ್ಕಿದ್ದು ಗ್ಯಾಸ್ ಪೈಪು. ಅದಕ್ಕೇ ಸುತ್ತಿ ಹೋದರು!

ವಾಯರ್‌ಮನ್ ಮೆಟ್ಟಿಲ ಕೆಳಗೆ ಹೋಗಿ ಟಾರ್ಚ್ ಹಿಡಿದು ನಮ್ಮನ್ನೂ ಕರೆದರು. ಪೈಪು ಮೆಟ್ಟಿಲ ಕಬ್ಬಿಣದ ಕಟಾಂಜನಕ್ಕೆ ಸಡಿಲವಾಗಿ ತಾಗುವ ಕಡೆ ಕಪ್ಪಗೆ ಸುಟ್ಟ ಕಲೆ ಇತ್ತು. ಕಿಡಿ ಹಾರಿ ಹಾರಿ ಕಬ್ಬಿಣ ಅಲ್ಲಿ ಗುಳಿ ಬಿದ್ದಿತ್ತು. ಅಲ್ಲಿಂದ ಎರಡು ಅಡಿ ದೂರದಲ್ಲಿ ಎರಡು ತುಂಬಿದ ಸಿಲಿಂಡರುಗಳಿದ್ದವು. ಅಣ್ಣ ಅಲ್ಲಿಯೇ ಮೆಟ್ಟಿಲ ಮೇಲೆ ಕುಳಿತುಬಿಟ್ಟ.

ಬಂಧುಗಳೆ, ಇದರಲ್ಲಿ ಯಾರನ್ನೂ ದೂರಲು ನಾನು ನಿಂತಿಲ್ಲ. ನಳದ ಪೈಪಿಗೆ ಅರ್ಥಿಂಗ್ ಸುತ್ತುವುದು ನಮ್ಮ ಕಡೆ ಬಹಳ ದಿನದ ರೂಢಿ. ಕಬ್ಬಿಣದ ಪೈಪು ಭೂಮಿಯೊಳಗೆ ದೂರದವರೆಗೆ ಹೋಗುತ್ತಿದ್ದ ಕಾಲಕ್ಕೆ ಅದು ಹೇಗೋ ನಡೆಯಿತು. ಈಗ ಊರೂರಿಗೆ ಪ್ಲಾಸ್ಟಿಕ್ ಪೈಪು ಬಂದಿದೆ. ಪೈಪು ಬದಲಾದ ದಿನವೇ ಆ ಮನೆಯ ಅರ್ಥಿಂಗ್ ಸತ್ತು ಹೋಗುತ್ತದೆ. ಆದರೆ ಹಸಿರು ತಂತಿ ಅಲ್ಲಿಯೇ ಇರುತ್ತದೆ, ನೋಡಿದವರಿಗೆ ಎಲ್ಲ ಸರಿಯಾಗಿದೆ ಎನಿಸುತ್ತದೆ. ನಿಮ್ಮ ಮನೆಯಲ್ಲಿಯೂ ಹೀಗಿರಬಹುದು.

ಅರ್ಥಿಂಗ್ ಎಂದರೇನು?

ನಮ್ಮ ಮನೆಗೆ ಬರುವ ವಿದ್ಯುತ್ತು 230 ವೋಲ್ಟಿನದು. ಒದ್ದೆ ಮೈಯ ಮನುಷ್ಯನೊಳಗೆ ಅದು ಹರಿದರೆ ಸುಮಾರು 200 ಮಿಲಿ ಆಂಪಿಯರ್‌ವರೆಗೂ ಹರಿಯಬಹುದು. ಒಂದು ಮಿಲಿ ಆಂಪಿಯರ್ ಹರಿದರೆ ಜುಮ್ ಎನ್ನುತ್ತದೆ. ಹತ್ತು ದಾಟಿದರೆ ಸ್ನಾಯುಗಳು ಬಿಗಿದು ಹಿಡಿದದ್ದನ್ನು ಬಿಡಲು ಆಗದೆ ಹೋಗಬಹುದು. ಮೂವತ್ತು ದಾಟಿದರೆ ಹೃದಯಕ್ಕೇ ಅಪಾಯ. ಅಂದರೆ ಅಮ್ಮಿಯ ಜುಮ್ಮಿಗೂ ಸಾವಿಗೂ ನಡುವೆ ಇದ್ದದ್ದು ಒಂದು ಜೊತೆ ಚಪ್ಪಲಿ.

ಯಂತ್ರದ ಒಳಗೆ ತಂತಿ ಕೆಟ್ಟು ಕರೆಂಟು ಹೊರಮೈಗೆ ಬಂದರೆ, ಅದು ಮನುಷ್ಯನ ಮೈಯಿಂದ ಹೋಗದೆ ನೇರವಾಗಿ ಭೂಮಿಗೆ ಹೋಗಲು ನಾವು ಮಾಡಿಕೊಡುವ ದಾರಿಯೇ ಅರ್ಥಿಂಗ್. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ಪಿನ್ನು ದಪ್ಪ ಮತ್ತು ಉದ್ದವಾಗಿರುತ್ತದೆ. ಪ್ಲಗ್ ಚುಚ್ಚುವಾಗ ಕರೆಂಟಿಗಿಂತ ಮೊದಲು ಭೂಮಿಯ ಸಂಪರ್ಕ ಆಗಲಿ, ತೆಗೆಯುವಾಗ ಅದೇ ಕೊನೆಗೆ ಬಿಡಲಿ ಎಂದು ಹಾಗೆ ಮಾಡಿದ್ದಾರೆ. ಆ ಪಿನ್ನನ್ನು ಮುರಿದು ಎರಡು ಪಿನ್ನಿನಲ್ಲಿ ಮಿಕ್ಸರ್ ನಡೆಸುವವರು ನಮ್ಮಲ್ಲಿ ಕಡಿಮೆಯೇನಿಲ್ಲ.

ಆ ದಾರಿಯ ಕೊನೆ ಇರುವುದು ಅರ್ಥಿಂಗ್ ಗುಂಡಿಯಲ್ಲಿ. ನಮ್ಮ ದೇಶದಲ್ಲಿ ಇದಕ್ಕೆ ಐಎಸ್ 3043 ಎಂಬ ಮಾನಕವಿದೆ, 2018ರಲ್ಲಿ ಅದನ್ನು ಪರಿಷ್ಕರಿಸಿದ್ದಾರೆ. ಮನೆಗೆ ಸಾಮಾನ್ಯವಾಗಿ ಎರಡೂವರೆ ಮೀಟರ್ ಉದ್ದದ ಜಿ.ಐ. ಪೈಪನ್ನು ಗೋಡೆಯಿಂದ ಒಂದೂವರೆ ಮೀಟರ್ ದೂರದಲ್ಲಿ ಹುಗಿದು, ಸುತ್ತಲೂ ಇದ್ದಿಲು ಮತ್ತು ಉಪ್ಪು ತುಂಬುತ್ತಾರೆ. ಮಣ್ಣಿನಲ್ಲಿ ತೇವ ಇದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ನಮ್ಮ ಎರಿ ಭೂಮಿ ಮಳೆಗಾಲದಲ್ಲಿ ತೇವ ಹಿಡಿದಿಡುತ್ತದೆ, ಬೇಸಿಗೆಯಲ್ಲಿ ಗೇಣುದ್ದ ಬಿರುಕು ಬಿಟ್ಟು ಪೈಪಿನಿಂದ ದೂರ ಸರಿಯುತ್ತದೆ. ಕಪ್ಪತಗುಡ್ಡದ ಸೆರಗಿನ ಗರಸು ನೆಲವಂತೂ ಬೇಗ ಒಣಗುತ್ತದೆ. ಆದ್ದರಿಂದ ಶಿರಹಟ್ಟಿ, ಮುಂಡರಗಿ ಕಡೆಯವರು ಬೇಸಿಗೆಯಲ್ಲಿ ವಾರಕ್ಕೊಮ್ಮೆಯಾದರೂ ಆ ಗುಂಡಿಗೆ ಎರಡು ಕೊಡ ನೀರು ಹಾಕಬೇಕು. ಉಪ್ಪು ಕಬ್ಬಿಣವನ್ನು ತಿನ್ನುತ್ತದೆಂಬುದನ್ನೂ ಮರೆಯಬಾರದು. ಹುಗಿದು ಬಹಳ ವರ್ಷವಾಗಿದ್ದರೆ ಪೈಪು ಇದೆಯೋ ಕರಗಿದೆಯೋ ಪರೀಕ್ಷೆ ಮಾಡಿಸಬೇಕು.

ಗ್ಯಾಸ್ ಪೈಪು ಏಕೆ ಅರ್ಥಿಂಗ್ ಆಗಲಾರದು?

ಮೊದಲನೆಯದು, ಅದು ಭೂಮಿಗೆ ಹೋಗುವುದೇ ಇಲ್ಲ. ನಮ್ಮ ಮನೆಯಲ್ಲಿದ್ದಂತೆ ಎರಡೂ ತುದಿಗೆ ರಬ್ಬರು. ಕರೆಂಟು ಹೋಗಲು ದಾರಿಯಿಲ್ಲದೆ ಪೈಪಿನಲ್ಲಿಯೇ ಕಾಯುತ್ತಾ ಇರುತ್ತದೆ, ಮುಟ್ಟುವವರು ಬರಲೆಂದು. ಎರಡನೆಯದು, ಪೈಪಿನ ಪ್ರತಿ ಜೋಡಣೆಗೆ ಸೋರದಂತೆ ಟೇಪು ಅಥವಾ ಮೇಣ ಹಚ್ಚಿರುತ್ತಾರೆ. ಅಲ್ಲಿ ಲೋಹಕ್ಕೆ ಲೋಹ ಸರಿಯಾಗಿ ಕೂಡುವುದಿಲ್ಲ. ಕರೆಂಟು ಅಲ್ಲಿ ಬಿಸಿಯಾಗುತ್ತದೆ, ಕಿಡಿ ಹಾರುತ್ತದೆ. ಕಿಡಿ ಮತ್ತು ಗ್ಯಾಸು ಒಂದೇ ಕಡೆ ಸೇರಿದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಮೂರನೆಯದು, ರಿಪೇರಿಗೆ ಬಂದವರು ಪೈಪು ಬಿಚ್ಚಿದ ಕ್ಷಣ ಆ ದಾರಿ ಅವರ ಕೈಯಲ್ಲಿಯೇ ಕಡಿಯುತ್ತದೆ. ಗ್ಯಾಸು ಹೊರಗೆ ಬರುವುದೂ ಅದೇ ಹೊತ್ತಿಗೆ.

ಆದ್ದರಿಂದ ಗ್ಯಾಸ್ ಪೈಪನ್ನು ಅರ್ಥಿಂಗ್ ಆಗಿ ಬಳಸಬಾರದು. ಇದು ಅನೇಕ ದೇಶಗಳ ನಿಯಮಗಳು ಒಪ್ಪಿದ ಮಾತು.

ಹಾಗಾದರೆ ಪೈಪಿಗೆ ತಂತಿಯೇ ಬೇಡವೇ?

ಇಲ್ಲಿಯೇ ಬಹಳ ಜನ ಎಡವುವುದು. ನಾನೂ ವಾಯರ್‌ಮನ್‌ರಿಗೆ, "ಆ ತಂತಿ ಮೊದಲು ಕಿತ್ತು ಒಗೀರಿ" ಎಂದೆ. ಅವರು ನಕ್ಕು, "ಈಗ ಕೀಳ್ತೀನ್ರೀ ಟೀಚರ್, ಆದರ ಕಡೀಕ ಮತ್ತ ಒಂದು ತಂತಿ ಇದಕ್ಕ ಕಟ್ಟಬೇಕು" ಎಂದರು. ನನಗೆ ಆಶ್ಚರ್ಯವಾಯಿತು. ಕಟ್ಟಬಾರದು ಎಂದವರೇ ಕಟ್ಟಬೇಕು ಎನ್ನುತ್ತಾರಲ್ಲ!

ಅವರು ತೋರಿಸಿದ್ದು ರಸ್ತೆಯ ಕರೆಂಟಿನ ತಂತಿಯ ಮೇಲೆ ಕುಳಿತ ಗುಬ್ಬಿಯನ್ನು. ಅದರ ಎರಡೂ ಕಾಲು ಒಂದೇ ತಂತಿಯ ಮೇಲಿವೆ. ಎರಡೂ ಕಾಲಿಗೆ ಒಂದೇ ವೋಲ್ಟೇಜು. ವ್ಯತ್ಯಾಸವಿಲ್ಲ, ಆದ್ದರಿಂದ ಅದರ ಮೈಯೊಳಗೆ ಕರೆಂಟು ಹರಿಯುವುದಿಲ್ಲ. ಮನೆಯಲ್ಲಿಯೂ ಹಾಗೆಯೇ. ಒಂದು ಕೈ ಗ್ರೈಂಡರ್ ಮೇಲೆ, ಇನ್ನೊಂದು ಕೈ ಗ್ಯಾಸ್ ಪೈಪಿನ ಮೇಲೆ ಇದ್ದಾಗ, ಎರಡೂ ಲೋಹಗಳು ದಪ್ಪ ತಂತಿಯಿಂದ ಒಂದಕ್ಕೊಂದು ಸೇರಿ ಭೂಮಿಗೂ ಸೇರಿದ್ದರೆ, ಅವುಗಳ ನಡುವೆ ವ್ಯತ್ಯಾಸ ಉಳಿಯುವುದಿಲ್ಲ. ಶಾಕು ಹೊಡೆಯಲು ಕಾರಣವಿಲ್ಲ, ಕಿಡಿ ಹಾರಲೂ ಕಾರಣವಿಲ್ಲ. ಇದಕ್ಕೆ ಬಾಂಡಿಂಗ್ ಎನ್ನುತ್ತಾರೆ. ನಾನು ಮಕ್ಕಳಿಗೆ ಕನ್ನಡದಲ್ಲಿ ನಂಟು, ಉರ್ದುವಿನಲ್ಲಿ ರಿಶ್ತಾ ಎಂದು ಹೇಳಿಕೊಡುತ್ತೇನೆ. ಗೀಜರಿನ ಕರೆಂಟನ್ನು ಭೂಮಿಗೆ ಮುಟ್ಟಿಸು ಎಂದು ಗ್ಯಾಸ್ ಪೈಪಿಗೆ ಹೇಳಿದರೆ ಅದು ಆಸರೆ ಕೇಳಿದಂತೆ. ಬೇರೆ ಗಟ್ಟಿಯಾದ ಗುಂಡಿಯನ್ನು ಮಾಡಿ, ಆ ಗುಂಡಿಯ ಪಟ್ಟಿಯಿಂದ ಗ್ಯಾಸ್ ಪೈಪಿಗೊಂದು ತಂತಿ ಕಟ್ಟಿದರೆ ಅದು ಆಸರೆ ಕೊಟ್ಟಂತೆ. ತಂತಿ ಒಂದೇ ಥರ ಕಂಡರೂ ಕೆಲಸ ಬೇರೆ.

ಈ ತಂತಿ 6 ಚದರ ಮಿಲಿಮೀಟರಿಗಿಂತ ಕಡಿಮೆಯಿಲ್ಲದ ತಾಮ್ರದ್ದಾಗಿರಬೇಕು. ಪೈಪಿನ ಬಣ್ಣ ಕೆರೆದು ಲೋಹ ಕಾಣುವ ಕಡೆ ಸರಿಯಾದ ಕ್ಲ್ಯಾಂಪಿನಿಂದ ಬಿಗಿಯಬೇಕು, ಸುಮ್ಮನೆ ಸುತ್ತಿ ಬಿಡಬಾರದು. ಕಟ್ಟುವುದು ಮನೆಯ ಲೋಹದ ಪೈಪಿಗೆ, ರೆಗ್ಯುಲೇಟರಿಗಲ್ಲ, ರಬ್ಬರ್ ಟ್ಯೂಬಿಗಲ್ಲ.

ಸಿಡಿಲಿನ ವಿಷಯದಲ್ಲಿಯೂ ಈ ನಂಟಿಗೆ ಬೆಲೆಯಿದೆ. ಅಮೆರಿಕದಲ್ಲಿ ಮನೆಗಳ ಒಳಗೆ ಗ್ಯಾಸಿಗೆ ತೆಳುವಾದ, ಸುಕ್ಕುಸುಕ್ಕಾದ ಸ್ಟೀಲ್ ಕೊಳವೆ ಬಳಸುತ್ತಾರೆ. ಸಿಡಿಲು ಹತ್ತಿರ ಬಿದ್ದಾಗ ಆ ತೆಳು ಕೊಳವೆಯಿಂದ ಪಕ್ಕದ ಲೋಹಕ್ಕೆ ಕಿಡಿ ಹಾರಿ, ಕೊಳವೆಯಲ್ಲಿ ಸೂಜಿಯಷ್ಟು ತೂತು ಬಿದ್ದು ಮನೆಗಳು ಸುಟ್ಟವು. ಅಲ್ಲಿಯ ಇಂಧನ ಅನಿಲ ಸಂಹಿತೆಯ 2009ರ ಆವೃತ್ತಿಯಲ್ಲಿ ಅಂಥ ಕೊಳವೆಗೆ ದಪ್ಪ ತಾಮ್ರದ ತಂತಿಯ ಬಾಂಡಿಂಗ್ ಕಡ್ಡಾಯ ಮಾಡಿದರು. ಯುಗಾದಿ ಮುಗಿದ ಮೇಲೆ ನಮ್ಮ ಕಡೆ ಬರುವ ಗುಡುಗು-ಸಿಡಿಲಿನ ಮಳೆ ತಮಗೆಲ್ಲ ಗೊತ್ತಿದೆ. ಬಯಲು ನಾಡು, ಒಂಟಿ ಮನೆಗಳು. ಅವರ ಅನುಭವ ನಮಗೂ ಪಾಠ.

ಮೊದಲು ಗುಂಡಿ, ಆಮೇಲೆ ನಂಟು

ಒಂದು ಎಚ್ಚರಿಕೆಯ ಮಾತು. ಇದನ್ನು ಕೇಳಿ ಇಂದು ಸಂಜೆಯೇ ಯಾರೂ ಗ್ಯಾಸ್ ಪೈಪಿಗೆ ತಂತಿ ಕಟ್ಟಬೇಡಿ. ಗುಂಡಿ ಸರಿಯಿಲ್ಲದ ಮನೆಯಲ್ಲಿ ಬಾಂಡಿಂಗ್ ಮಾಡಿದರೆ, ಗೀಜರಿನ ಶಾಕು ಒಲೆಗೂ ಬರುತ್ತದೆ, ನಮ್ಮ ಮನೆಯಲ್ಲಿ ಆದಂತೆ. ಆದ್ದರಿಂದ ಕ್ರಮ ಮುಖ್ಯ. ಮೊದಲು ಗುಂಡಿ ಮಾಡಿಸಿ, ಅರ್ಥ್ ಟೆಸ್ಟರಿನಿಂದ ಅಳೆಯಿಸಬೇಕು. ಎರಡನೆಯದು ಆರ್‌ಸಿಸಿಬಿ. ಮೂರನೆಯದು ಬಾಂಡಿಂಗ್.

ಆರ್‌ಸಿಸಿಬಿ ಏಕೆ ಬೇಕು? ಒಂದು ಸಣ್ಣ ಲೆಕ್ಕ. ಗುಂಡಿಯ ದಾರಿಯ ತಡೆ 10 ಓಮ್ ಇದ್ದರೆ 230 ವೋಲ್ಟಿಗೆ 23 ಆಂಪಿಯರ್ ಹರಿಯುತ್ತದೆ. ಬೇಸಿಗೆಯಲ್ಲಿ ಮಣ್ಣು ಒಣಗಿ ಅದು 100 ಓಮ್ ಆದರೆ ಹರಿಯುವುದು 2.3 ಆಂಪಿಯರ್ ಮಾತ್ರ. ಗೀಜರಿಗೆ ಹಾಕಿದ 16 ಆಂಪಿಯರಿನ ಎಂಸಿಬಿ ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಬೀಳುವುದಿಲ್ಲ. ಎಂಸಿಬಿ ಇದೆ, ಭಯವಿಲ್ಲ ಎಂದು ಮಲಗುವವರು ಇದನ್ನು ನೆನಪಿಡಬೇಕು. ಆರ್‌ಸಿಸಿಬಿ ಬೇರೆ ಥರ ಕೆಲಸ ಮಾಡುತ್ತದೆ. ಮನೆಗೆ ಬಂದ ಕರೆಂಟು ಮತ್ತು ಮರಳಿ ಹೋದ ಕರೆಂಟು ಎರಡನ್ನೂ ಅದು ತೂಗಿ ನೋಡುತ್ತದೆ. 30 ಮಿಲಿ ಆಂಪಿಯರಿನಷ್ಟು ವ್ಯತ್ಯಾಸ ಕಂಡರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿದು ಹಾಕುತ್ತದೆ. ಅದರ ಮೇಲೊಂದು ಟೆಸ್ಟ್ ಗುಂಡಿ ಇರುತ್ತದೆ, ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಒತ್ತಿದಾಗ ಬೀಳದಿದ್ದರೆ ಅದು ಕೆಟ್ಟಿದೆ ಎಂದರ್ಥ.

ಈ ಕೆಲಸವನ್ನು ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಬೇಕು. ಗ್ಯಾಸ್ ಪೈಪು ಬಿಚ್ಚುವುದು, ಜೋಡಿಸುವುದು ಗ್ಯಾಸಿನವರ ಕೆಲಸ. ಅವರ ಕೆಲಸ ಇವರು, ಇವರ ಕೆಲಸ ಅವರು ಮಾಡಬಾರದು.

ಒಂದೇ ಸಿಲಿಂಡರು ಪಕ್ಕಕ್ಕಿಟ್ಟು ಬರೀ ರಬ್ಬರ್ ಟ್ಯೂಬಿನಿಂದ ಒಲೆ ಉರಿಸುವವರಿಗೆ ಪೈಪೇ ಇಲ್ಲ, ಆದ್ದರಿಂದ ಬಾಂಡಿಂಗ್ ಪ್ರಶ್ನೆಯೂ ಇಲ್ಲ. ಆದರೆ ಅವರೂ ಫ್ರಿಜ್ಜು, ಗ್ರೈಂಡರು, ನೀರಿನ ಮೋಟಾರು ಒಲೆಗೆ ತಾಗದಂತೆ ನೋಡಿಕೊಳ್ಳಬೇಕು, ಅವುಗಳಿಗೆ ಮೂರು ಪಿನ್ನಿನ ಪ್ಲಗ್ಗೇ ಇರಬೇಕು. ಬೆಟಗೇರಿಯಲ್ಲಿ ಮನೆಯೊಳಗೇ ವಿದ್ಯುತ್ ಮಗ್ಗ ಇರುವವರು ಮಗ್ಗದ ಕಬ್ಬಿಣಕ್ಕೂ ಅರ್ಥಿಂಗ್ ಇದೆಯೇ ನೋಡಬೇಕು. ಮಿರ್ಚಿ ಬಜ್ಜಿಯ ಗಾಡಿ ನಡೆಸುವ ಪಾಲಕರೂ ಇಲ್ಲಿದ್ದೀರಿ. ಕಬ್ಬಿಣದ ಗಾಡಿ, ಅದರ ಮೇಲೆ ಸಿಲಿಂಡರು, ಅದಕ್ಕೇ ಸುತ್ತಿದ ಬಲ್ಬಿನ ತಂತಿ. ತಂತಿಯ ಹೊದಿಕೆ ಸವೆದರೆ ಗಾಡಿ ಪೂರ್ತಿ ಕರೆಂಟು. ದಯವಿಟ್ಟು ಬ್ಯಾಟರಿ ದೀಪ ಬಳಸಿರಿ.

ಮುಂದೆ ಬರಲಿರುವ ಕೊಳವೆ

ಈ ಮಾತಿಗೆ ಈಗ ಅವಸರವಿದೆ. ಬಳ್ಳಾರಿ ಮತ್ತು ಗದಗ ಜಿಲ್ಲೆಗಳನ್ನು ಕೂಡಿಸಿ ಕೊಳವೆ ಅನಿಲ ವಿತರಣೆಯ ಪರವಾನಗಿಯನ್ನು 2018ರ 9ನೇ ಸುತ್ತಿನಲ್ಲಿಯೇ ಕೊಟ್ಟಿದ್ದಾರೆ. ಪಕ್ಕದ ಹುಬ್ಬಳ್ಳಿ-ಧಾರವಾಡದಲ್ಲಿ ಅನೇಕ ಮನೆಗಳು ಕೊಳವೆ ಗ್ಯಾಸಿನಿಂದಲೇ ಅಡುಗೆ ಮಾಡುತ್ತಿವೆ. ಈ ವ್ಯವಸ್ಥೆಯಲ್ಲಿ ರಸ್ತೆಯ ಕೆಳಗೆ ಹಾಕುವ ಕೊಳವೆ ಪ್ಲಾಸ್ಟಿಕ್ಕಿನದು. ಗೋಡೆಯ ಮೇಲೆ ಏರುವುದು ಮಾತ್ರ ಜಿ.ಐ. ಪೈಪು. ಹೊರಗಿನಿಂದ ನೋಡಿದವರಿಗೆ ಅದು ಭೂಮಿಯೊಳಗಿಂದ ಬಂದ ಕಬ್ಬಿಣದ ಪೈಪಿನಂತೆ ಕಾಣುತ್ತದೆ. ಅರ್ಥಿಂಗ್ ಹುಡುಕುವವರ ಕಣ್ಣು ಮೊದಲು ಬೀಳುವುದು ಅದರ ಮೇಲೆಯೇ. ನಮ್ಮ ಮನೆಯಲ್ಲಿ ಆದ ತಪ್ಪು ಓಣಿ ಓಣಿಯಲ್ಲಿ ಆಗಬಾರದು. ಪೈಪು ಬರುವ ದಿನವೇ ಗ್ಯಾಸಿನವರನ್ನೂ ನಿಮ್ಮ ವಾಯರ್‌ಮನ್‌ರನ್ನೂ ಎದುರುಬದುರು ನಿಲ್ಲಿಸಿ ಕೇಳಿರಿ, "ಇದಕ್ಕೆ ಬಾಂಡಿಂಗ್ ಎಲ್ಲಿ ಕೊಡುತ್ತೀರಿ?" ಎಂದು.

ಇನ್ನೊಂದು ಮಾತು. ಸಿಲಿಂಡರಿನ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡುತ್ತದೆ. ಕೊಳವೆಯ ಗ್ಯಾಸು ಹಗುರ, ಮೇಲಕ್ಕೆ ಏರುತ್ತದೆ. ಯಾವುದೇ ಇರಲಿ, ಸಹರಿ ಹೊತ್ತಿಗೆ ಎದ್ದಾಗ ವಾಸನೆ ಬಂದರೆ ದೀಪದ ಸ್ವಿಚ್ಚು ಹಾಕಬೇಡಿ, ಹಾಕಿದ್ದರೆ ಆರಿಸಲೂ ಬೇಡಿ. ಸ್ವಿಚ್ಚಿನೊಳಗಿನ ಕಿಡಿಯೇ ಸಾಕು. ಬಾಗಿಲು ಕಿಟಕಿ ತೆರೆದು, ರೆಗ್ಯುಲೇಟರ್ ಬಂದ್ ಮಾಡಿ, ಹೊರಗೆ ಬಂದು ಫೋನ್ ಮಾಡಿರಿ. ಸಿಲಿಂಡರಿನ ಗ್ಯಾಸು ಸೋರಿದರೆ 1906, ಕರೆಂಟಿನ ತೊಂದರೆಗೆ 1912.

ಮನೆಗೆಲಸ

ಶಿಕ್ಷಕಿಯ ಭಾಷಣ ಮನೆಗೆಲಸವಿಲ್ಲದೆ ಮುಗಿಯುವುದಿಲ್ಲ. ಮಕ್ಕಳೆ, ಇಂದು ಮನೆಗೆ ಹೋಗಿ ಹಿರಿಯರ ಜೊತೆ ನಿಂತು, ಏನನ್ನೂ ಮುಟ್ಟದೆ, ಮೀಟರಿನಿಂದ ಹೊರಟ ಹಸಿರು ತಂತಿ ಎಲ್ಲಿಗೆ ಹೋಗಿದೆ ಎಂದು ಕಣ್ಣಿನಿಂದ ಹುಡುಕಿರಿ. ಗುಂಡಿಗೆ ಹೋಗಿದ್ದರೆ ಗುಂಡಿಗೆ ನೀರು ಹಾಕಿರಿ. ನಳಕ್ಕೆ ಹೋಗಿದ್ದರೆ, ಗ್ಯಾಸ್ ಪೈಪಿಗೆ ಹೋಗಿದ್ದರೆ, ಅಥವಾ ಎಲ್ಲಿಗೂ ಹೋಗದೆ ಗಾಳಿಯಲ್ಲಿ ತೂಗುತ್ತಿದ್ದರೆ ನೋಟ್‌ಬುಕ್ಕಿನಲ್ಲಿ ಬರೆದು ತಂದೆಯವರ ಸಹಿ ಮಾಡಿಸಿ ತನ್ನಿರಿ. ಸಹಿ ಮಾಡಿದ ಮೇಲೆ ಅವರಿಗೆ ಮರೆಯಲಾಗುವುದಿಲ್ಲ.

ಪಾಲಕರೆ, ಮನೆಯಲ್ಲಿ ಯಾರಾದರೂ, ಅದರಲ್ಲಿಯೂ ದಿನವೆಲ್ಲ ಅಡುಗೆ ಮನೆಯಲ್ಲಿ ನಿಲ್ಲುವ ತಾಯಿ, ಹೆಂಡತಿ, ಸೊಸೆ, "ಜುಮ್ ಅಂತದ" ಎಂದರೆ ನಗಬೇಡಿ, ನರದೌರ್ಬಲ್ಯ ಎನ್ನಬೇಡಿ, ಚಪ್ಪಲಿ ಕೊಡಬೇಡಿ. ಮೇನ್ ಸ್ವಿಚ್ಚು ಆರಿಸಿ ವಾಯರ್‌ಮನ್‌ರನ್ನು ಕರೆಯಿರಿ. ಅಮ್ಮಿ ಹೇಳಿದ್ದು ಮೊದಲ ದಿನದಿಂದಲೂ ನಿಜವಾಗಿತ್ತು. ಕೇಳಬೇಕಾದವರು ನಾವು ಕೇಳಿರಲಿಲ್ಲ.